ಕದನವಿರಾಮಕ್ಕೆ ಒಯ್ದ ಪೇಡೆ

ಅಮೆರಿಕದವರು ಗಾಜಾದಲ್ಲಿ ಕದನವಿರಾಮ ಮಾಡಿಸಿದ ಸುದ್ದಿಯನ್ನು ಗಲ್ಫಿನ ಅಬು ಹಲೀಫಾದ ನಮ್ಮ ಮನೆಯ ಟಿವಿಯಲ್ಲಿ ನೋಡಿದೆವು. ಬಾಂಬು ಕೊಟ್ಟವರೂ ಅವರೇ, ಈಗ ಪೆನ್ನು ಹಿಡಿದು ನಗುತ್ತಿರುವವರೂ ಅವರೇ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೂ ಯುದ್ಧ ನಿಂತಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಮ್ಮ ವರ್ಕ್‌ಶಾಪಿನ ಪ್ಯಾಲೆಸ್ತೀನಿ ಫೋರ್‌ಮನ್ ಮೇಲಿನ ಮಹಡಿಯಲ್ಲೇ ಇದ್ದ. ಅವನ ತಂಗಿಯ ಕುಟುಂಬ ಗಾಜಾದಲ್ಲಿತ್ತು. ಎಷ್ಟೋ ದಿನಗಳಿಂದ ಅವರ ಫೋನ್ ಸಿಗುತ್ತಿರಲಿಲ್ಲ.

ಮುಂದಿನ ವಾರ ಊರಿಂದ ಬಂದವರೊಬ್ಬರು ಧಾರವಾಡ ಪೇಡೆ ತಂದುಕೊಟ್ಟರು. ನಮ್ಮ ಕಡೆ ಯಾವ ಒಳ್ಳೆಯ ಸುದ್ದಿಗೂ ಮೊದಲು ಪೇಡೆ ಹಂಚಬೇಕು. "ಯುದ್ಧ ನಿಂತೈತಿ, ಅವರ ಮನಿಗೂ ಕೊಟ್ಟ ಬರ್ರಿ" ಎಂದಳು ಹೆಂಡತಿ.

ಫೋರ್‌ಮನ್ ಮನೆಯ ಬಾಗಿಲು ತೆರೆದೇ ಇತ್ತು. ಗೋಡೆಯುದ್ದಕ್ಕೂ ಗಂಡಸರು ಸಾಲಾಗಿ ಕೂತಿದ್ದರು. ಸಂಭ್ರಮಕ್ಕೆ ಸೇರಿದ್ದಾರೆ ಎಂದುಕೊಂಡು ನಾನು ನಗುತ್ತ, "ಮಬ್ರೂಕ್ ಭಾಯಿ, ಯುದ್ಧ ಖಲಾಸ್!" ಎಂದು ಅಭಿನಂದಿಸಿ ಡಬ್ಬಿ ತೆರೆದು ಹಿಡಿದೆ. ಯಾರೂ ಕೈ ಚಾಚಲಿಲ್ಲ.

ಅವನು ಎದ್ದು ಬಂದು ಪುಟ್ಟ ಬಟ್ಟಲಲ್ಲಿ ಕಪ್ಪು ಕಾಫಿ ಕೊಟ್ಟ. ಕಹಿ ಎಂದರೆ ಕಹಿ. ನಾನು ಸಕ್ಕರೆಗಾಗಿ ಅತ್ತಿತ್ತ ನೋಡಿದೆ.

"ಸಾವಿನ ಮನೆಯ ಕಾಫಿಗೆ ನಾವು ಸಕ್ಕರೆ ಹಾಕಲ್ಲ, ಭಾಯಿ" ಎಂದ ತನ್ನ ಮುರುಕು ಹಿಂದಿಯಲ್ಲಿ. "ಬಾಂಬು ನಿಂತಿದ್ದಕ್ಕೇ ಮನೆಯ ಅವಶೇಷ ಅಗೆಯೋದಕ್ಕೆ ಆಯ್ತು. ತಂಗಿ ಸಿಕ್ಕಳು."

"ಮಕ್ಕಳು?" ಎಂದೆ. ಪೇಡೆ ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು.

"ಅಗೀತಾ ಇದಾರೆ."