ಬಲಗೈಯಲ್ಲಿ ಬಿಗಿದ ನಟ್ಟುಗಳು

ಏಳು ವರ್ಷ ಕಟ್ಟಿದ ಕಾರು ಏಪ್ರಿಲ್ ತಿಂಗಳ ಒಂದು ಶನಿವಾರ ಕೊನೆಗೂ ಓಡಲು ಸಿದ್ಧವಾಯಿತು. ಅದನ್ನು ಕಟ್ಟಿದ ಮಹಾಬಲೇಶ್ವರನಿಗೆ ಆಗ ಐವತ್ತೊಂದು. ಹುಟ್ಟೂರು ಹೊನ್ನಾವರ. ಸ್ವೀಡನ್ನಿನ ಸೋಡರ್‌ಟೆಲ್ಯೆ ಪಟ್ಟಣದ ಟ್ರಕ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಎಂಜಿನ್ ಪರೀಕ್ಷಿಸುವುದು ಅವನ ಕೆಲಸ. ದಿನವಿಡೀ ಬೇರೆಯವರು ಜೋಡಿಸಿದ್ದರಲ್ಲಿ ತಪ್ಪು ಹುಡುಕಬೇಕು. ತಾನೇ ಒಂದು ಇಡೀ ಗಾಡಿ ಜೋಡಿಸಬೇಕೆಂಬ ಆಸೆಗೆ ಇಂಗ್ಲೆಂಡಿನಿಂದ ಬಿಡಿಭಾಗಗಳ ಕಿಟ್ ತರಿಸಿದ್ದ. ಕಬ್ಬಿಣದ ಕೊಳವೆಗಳ ಚೌಕಟ್ಟು, ಫೈಬರ್ ಮೈ, ಎರಡೇ ಸೀಟು. ಒಂದೊಂದು ನಟ್ಟು ಬಿಗಿದಾಗಲೂ ಅದರ ಮೇಲೆ ಹಳದಿ ಬಣ್ಣದ ಚುಕ್ಕೆ ಇಡುತ್ತಿದ್ದ.

ಸರ್ಕಾರಿ ತಪಾಸಣೆ ಆಗುವವರೆಗೆ ರಸ್ತೆಗೆ ಇಳಿಸುವಂತಿರಲಿಲ್ಲ. ಊರಾಚೆಯ ಹಳೆಯ ಜಲ್ಲಿ ಗಣಿಯೊಳಗೆ ಓಡಿಸಿ ನೋಡಲು ಮಾಲೀಕ ಒಪ್ಪಿದ್ದ.

ಮೊದಲ ದಿನವೇ ಎಂಜಿನ್ ಕಾದು, ಕೆಳಗೆ ನೀರು ಹರಿಯಿತು. ರೇಡಿಯೇಟರಿನ ಪೈಪಿನ ಕ್ಲಿಪ್ ಸಡಿಲವಾಗಿತ್ತು. ಮುಂದಿನ ವಾರ ಗಾಡಿ ನಡುದಾರಿಯಲ್ಲೇ ಸತ್ತುಹೋಯಿತು. ಬ್ಯಾಟರಿಯ ಅರ್ತ್ ವೈರಿನ ಬೋಲ್ಟ್ ಬೆರಳಲ್ಲೇ ತಿರುಗುತ್ತಿತ್ತು. ಎರಡರ ಮೇಲೂ ಹಳದಿ ಚುಕ್ಕೆಯಿತ್ತು.

"ಹೊಸ ಗಾಡಿ ಅಲ್ವಾ, ಅದುರಿ ಅದುರಿ ಸಡಿಲ ಆಗತ್ತೆ," ಎಂದ ಹೆಂಡತಿ ಶೋಭನಾಗೆ.

ಮೂರನೆಯ ವಾರ ಅವಳೂ ಪಕ್ಕದಲ್ಲಿ ಕೂತಳು. ಗಣಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ. ಪೆಡಲ್ ಮೆತ್ತಗೆ ತಳಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಕಾರು ಅಡ್ಡ ಜಾರಿ ಜಲ್ಲಿಯ ಗುಡ್ಡೆಗೆ ಗುದ್ದಿತು. ಶೋಭನಾಳ ಹಣೆ ಒಡೆದು ಆರು ಹೊಲಿಗೆ ಬಿದ್ದವು. ಮುಂದಿನ ಬಲ ಚಕ್ರದ ಬ್ರೇಕ್ ಪೈಪಿನ ನಟ್ಟಿನಿಂದ ಎಣ್ಣೆ ಪೂರ್ತಿ ಸೋರಿಹೋಗಿತ್ತು.

ಮರುದಿನ, ಮನೆಯಿಂದ ದೂರವಿದ್ದ ಬಾಡಿಗೆ ಗ್ಯಾರೇಜಿಗೆ ಗೋಪೀನಾಥ ಬಂದ. ಅದೇ ಕಾರ್ಖಾನೆಯವನು, ಬೆಂಗಳೂರಿನ ಕಡೆಯ ಹುಡುಗ, ಕಾರಿಗೆ ಎಂಜಿನ್ ಇಳಿಸುವಾಗ ಕೈಜೋಡಿಸಿದ್ದವನು. ಮಧ್ಯಾಹ್ನದವರೆಗೆ ಗಾಡಿಯ ಅಡಿಯಲ್ಲೇ ಇದ್ದ. ಹನ್ನೊಂದು ನಟ್ಟು ಸಡಿಲ ಸಿಕ್ಕವು, ಎಲ್ಲವೂ ಈಚಿನ ತಿಂಗಳುಗಳಲ್ಲಿ ಬಿಗಿದವು.

"ಮಹಾಬಲಣ್ಣ, ಎಡಗಡೆ ಮೂಲೇಲಿ, ಎಡಗೈ ಮಾತ್ರ ಹೋಗೋ ಜಾಗದಲ್ಲಿ, ಒಂದೂ ಲೂಸ್ ಇಲ್ಲ. ಉದ್ದನೆ ಸ್ಪ್ಯಾನರ್ ಹಾಕಿ ಎರಡೂ ಕೈಲಿ ಟೈಟ್ ಮಾಡಿದ್ದೂ ಸರಿಯಾಗಿದೆ. ಒಂದ್ಸಲ ನನ್ನೆದುರು ಬಲಗೈಲಿ ಇದನ್ನ ಟೈಟ್ ಮಾಡಿ ನೋಡೋಣ."

ಮಹಾಬಲೇಶ್ವರ ಬಲಗೈಯಲ್ಲಿ ಸ್ಪ್ಯಾನರ್ ಹಿಡಿದು, ಮುಖ ಕೆಂಪಾಗುವವರೆಗೆ ತಿರುಗಿಸಿದ. "ಆಯ್ತು. ಇನ್ನು ಹೋಗಲ್ಲ."

ಗೋಪೀನಾಥ ಅದೇ ಸ್ಪ್ಯಾನರ್ ತೆಗೆದುಕೊಂಡು ಸಲೀಸಾಗಿ ಇನ್ನೂ ಅರ್ಧ ಸುತ್ತು ತಿರುಗಿಸಿದ.

ಬಾಗಿಲಲ್ಲಿ ನಿಂತಿದ್ದ ಶೋಭನಾ ಮೆಲ್ಲಗೆ ಹೇಳಿದಳು. "ಮೂರ್ ತಿಂಗಳಿಂದ ಶರ್ಟಿನ ಗುಂಡಿ ಎಡಗೈಲೇ ಹಾಕ್ತಿದೀರಿ. ಚಳಿಗೆ ಅಂದ್ಕೊಂಡಿದ್ದೆ ನಾನು."

ಜೂನ್‌ನಲ್ಲಿ ನರರೋಗದ ವೈದ್ಯೆ, ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ ಎಂದಳು. ಮೊದಲು ಸ್ವೀಡಿಷ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ನಿಲ್ಲಿಸುವ ಔಷಧವಿಲ್ಲ. ಎಷ್ಟು ದಿನ ಎಂದು ಕೇಳಿದವಳು ಶೋಭನಾ. ಎರಡು ವರ್ಷ, ಮೂರು ವರ್ಷ, ಹೇಳಲಾಗುವುದಿಲ್ಲ ಎಂದಳು ವೈದ್ಯೆ.

ಅವನು ಕಾರನ್ನು ಗುಜರಿಗೆ ಕಳಿಸಲು ಹೊರಟ. "ಎಲ್ಲಿ ಏನು ಬಿಟ್ಟಿದೀನೋ ನಂಗೇ ಗೊತ್ತಿಲ್ಲ. ನಿನ್ನ ತಲೆ ಒಡೆದಿದ್ದು ಸಾಲದಾ?"

"ಹಾಗಾದ್ರೆ ಎಲ್ಲಾ ಬಿಚ್ಚೋಣ. ನೀವು ತೋರಿಸಿ, ನಾನು ಬಿಗಿ ಮಾಡ್ತೀನಿ," ಎಂದಳು ಶೋಭನಾ. ಅವಳು ದಾಗಿಸ್‌ನಲ್ಲಿ, ಅಂದರೆ ಅಲ್ಲಿನ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವಳು. ಸ್ಪ್ಯಾನರ್ ಮುಟ್ಟಿದವಳೇ ಅಲ್ಲ.

ಬೇಸಿಗೆಯ ರಜೆ ಪೂರ್ತಿ ಗ್ಯಾರೇಜಿನಲ್ಲೇ ಕಳೆಯಿತು. ಅವನಿಗೆ ಕಲಿಸುವ ತಾಳ್ಮೆ ಇರಲಿಲ್ಲ. "ಅದಲ್ಲ, ಅದರ ಹಿಂದಿಂದು, ಕಣ್ಣು ಕಾಣಲ್ವಾ?" ಎಂದು ಕೂಗುತ್ತಿದ್ದ. ಒಮ್ಮೆ ಕೈಗೆ ಸಿಕ್ಕಿದ ಡಬ್ಬಿ ಎಸೆದು, ನಾಲ್ಕು ಕಿಲೋಮೀಟರು ನಡೆದೇ ಮನೆಗೆ ಹೋಗಿಬಿಟ್ಟ. ಅವಳು ಆ ದಿನದ ಕೆಲಸ ಮುಗಿಸಿಯೇ ಹೋದಳು. ಆಗಸ್ಟ್ ಹೊತ್ತಿಗೆ ಅವನ ಎಡಗೈಯೂ ಸೋಲತೊಡಗಿತ್ತು. ಬೆರಳು ತೋರಿಸಲಾಗದೆ ಗದ್ದದಿಂದ ತೋರಿಸುತ್ತಿದ್ದ.

ಸೆಪ್ಟೆಂಬರ್‌ನಲ್ಲಿ ಕಾರು ತಪಾಸಣೆಯಲ್ಲಿ ಪಾಸಾಯಿತು, ನಂಬರು ಬಂತು. ಗೇರ್ ಹಿಡಿಯುವುದು ಅವನಿಂದ ಆಗಲಿಲ್ಲ, ಶೋಭನಾ ಓಡಿಸಿದಳು. ಸರೋವರದ ದಂಡೆಯ ರಸ್ತೆಯಲ್ಲಿ ಹತ್ತು ಕಿಲೋಮೀಟರು ಹೋದರು.

"ಏನಾದ್ರೂ ಶಬ್ದ ಬರ್ತಿದೆಯೇನ್ರೀ?"

ಅವನು ತುಂಬ ಹೊತ್ತು ಕಿವಿಗೊಟ್ಟ. "ಇಲ್ಲ. ಸರಿಯಾಗಿದೆ," ಎಂದ. ಮಾತು ಆಗಲೇ ತೊದಲುತ್ತಿತ್ತು. ಆಮೇಲೆ ಅತ್ತ. ಅದು ಸಂತೋಷದ ಅಳುವಲ್ಲ ಎಂದು ಅವಳಿಗೆ ಗೊತ್ತಿತ್ತು; ಕಾರು ನಿಲ್ಲಿಸಲೋ ಬೇಡವೋ ತಿಳಿಯದೆ ಓಡಿಸುತ್ತಲೇ ಇದ್ದಳು. "ಮನೆಗೆ ಹೋಗೋಣ," ಎಂದ.

ಮರುವರ್ಷದ ವಸಂತಕ್ಕೆ ಅವನನ್ನು ಆ ತಗ್ಗು ಸೀಟಿಗೆ ಇಳಿಸುವುದು ಯಾರಿಂದಲೂ ಆಗಲಿಲ್ಲ. ಸ್ಯಾಂಡ್‌ವಿಕೆನ್ ಊರಿನ ಗಂಡ ಹೆಂಡತಿ ಕಾರು ಕೊಳ್ಳಲು ಬಂದರು. ಮಾರುವ ಮೊದಲು ಎಲ್ಲವನ್ನೂ ಬರೆದು ಕೊಡಬೇಕೆಂದು ಅವನು ಹಟ ಹಿಡಿದಿದ್ದ: ಏನೇನು ಸಡಿಲವಾಗಿತ್ತು, ಬ್ರೇಕ್ ಹೇಗೆ ಹೋಯಿತು, ಯಾಕೆ ಹೋಯಿತು. ಅವನ ತೊದಲು ಕನ್ನಡವನ್ನು ಬಿಡಿಸಿಕೊಂಡು ಶೋಭನಾ ಸ್ವೀಡಿಷ್‌ನಲ್ಲಿ ಮೂರು ಪುಟ ಬರೆಯಲು ನಾಲ್ಕು ಸಂಜೆ ಹಿಡಿಯಿತು. ಬಂದವರು ಅಡುಗೆಮನೆಯ ಮೇಜಿನ ಮುಂದೆ ಕೂತು ಪೂರ್ತಿ ಓದಿದರು. ಗಾಲಿಕುರ್ಚಿಯಲ್ಲಿದ್ದ ಅವನ ಕಡೆ ನೋಡಿದರು. ಕಾರು ತೆಗೆದುಕೊಂಡು ಹೋದರು.

ಅದರ ಮುಂದಿನ ಜನವರಿಯಲ್ಲಿ ಅವನು ತೀರಿಕೊಂಡ. ಶೋಭನಾ ಎರಡು ವಾರ ಬಿಟ್ಟು ಮತ್ತೆ ದಾಗಿಸ್‌ನ ಕೆಲಸಕ್ಕೆ ಹೋದಳು.