ಖಂಡೇಪೂಜೆಗೆ ಜಾಗ

ಹೋದ ವಾರ ಕುಂದಗೋಳದ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿ ಕಟ್ಟಿಸಿಕೊಂಡೆ. ಕಾಗದ ದಪ್ಪಗಿತ್ತು. ಎಣ್ಣೆ ಇಳಿದ ಅದರ ತಳದಲ್ಲಿ ಬೆರಳಿಗೆ ಚುಕ್ಕಿಗಳು ತಾಗಿದವು... ಬ್ರೈಲ್. ಯಾವ ಶಾಲೆಯ ಪಾಠವೋ ಏನೋ. ಭಜಿಯನ್ನು ಅಲ್ಲೇ ಬಿಟ್ಟು ಬಂದೆ.

ಅಕ್ಕೋರು ನೆನಪಾದರು. ನಮ್ಮೂರ ಹೊರಗಿನ ಅಂಧ ಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಅವರಿಗೂ ಕಣ್ಣಿರಲಿಲ್ಲ. ಶಾಲೆಗೆ ಯಾರೋ ದಾನ ಕೊಟ್ಟ ಹಳೆಯ ಬ್ರೈಲ್ ಯಂತ್ರವೊಂದಿತ್ತು. ದಪ್ಪ ಹಾಳೆಯ ಮೇಲೆ ಠಕಠಕನೆ ಚುಕ್ಕಿ ಒತ್ತುತ್ತಿತ್ತು. ಅದರ ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗ ಯಂತ್ರ ಮೂಕವಾಯಿತು. ಕಂಪ್ಯೂಟರಿನ ಮಾತನ್ನು ಯಂತ್ರಕ್ಕೆ ದಾಟಿಸುತ್ತಿದ್ದ ಡ್ರೈವರ್ ಎಂಬ ಹಳೆಯ ತಂತ್ರಾಂಶ ಹೊಸದರ ಕರ್ನಲ್‌ಗೆ, ಅಂದರೆ ಅದನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶಕ್ಕೆ, ಒಗ್ಗಲಿಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನನ್ನು ಅಕ್ಕೋರೇ ಕರೆಸಿದರು.

ಶಾಲೆಯ ಅಧ್ಯಕ್ಷರಿಗೆ ಇದು ಬೇಡದ ಉಸಾಬರಿ. “ಈಗ ಮೊಬೈಲೇ ಓದಿ ಹೇಳ್ತೈತ್ರಿ. ಆ ಡಬ್ಬಿ ಯಾಕ?” ಎಂದರು.

ಅಕ್ಕೋರು ಸುಮ್ಮನಿರುವವರಲ್ಲ. “ಕೇಳಿದ್ರ ಕತಿ ತಿಳೀತೈತ್ರಿ. ಪರೀಕ್ಷಾದಾಗ ಬರೀಬೇಕಂದ್ರ ಹುಡುಗೂರ ಕೈಗೆ ಅಕ್ಷರ ಹತ್ತಿರಬೇಕು.”

ಆ ಹಳೆಯ ಡ್ರೈವರಿನ ಕೋಡ್ ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಯಂತ್ರ ಇಂಥಲ್ಲೇ ಇದೆಯೆಂದು ನಂಬಿ, ಹೇಳದೆ ಕೇಳದೆ ಒಳಗೆ ನುಗ್ಗುವಂತೆ ಬರೆದಿದ್ದ ಪುಣ್ಯಾತ್ಮ. ಹೊಸ ಚೌಕಟ್ಟಿನಲ್ಲಿ ಅದು ನಡೆಯದು. ಡ್ರೈವರ್ ಮೊದಲು ತನ್ನ ಹೆಸರು ಹೇಳಬೇಕು, ಕರೆದಾಗ ಬರಬೇಕು, ಹೋಗುವಾಗ ಹಿಡಿದದ್ದನ್ನೆಲ್ಲ ಬಿಟ್ಟು ಹೋಗಬೇಕು. ಕಾಯುವ ಹೊತ್ತನ್ನೂ ಹಳೆಯ ಕಂಪ್ಯೂಟರಿನ ನಿಧಾನಕ್ಕೇ ಅಳೆದಿದ್ದ. ಹೊಸದರಲ್ಲಿ ಚುಕ್ಕಿ ಮೂಡುವ ಮೊದಲೇ ಹಾಳೆ ಮುಂದೆ ಸರಿಯುತ್ತಿತ್ತು. ನಾನು ತಿದ್ದುತ್ತಿದ್ದೆ, ಅಕ್ಕೋರು ಹೊರಬರುವ ಹಾಳೆಯ ಮೇಲೆ ಬೆರಳು ನಡೆಸುತ್ತಿದ್ದರು. “ಇನ್ನೂ ಮುಕ್ಕಾಗೇತ್ರಿ ಸರ,” ಎನ್ನುತ್ತಿದ್ದರು. ದಸರೆ ರಜೆ ಹತ್ತಿರ ಬಂದಾಗ ಒಂದು ಇಡೀ ಪುಟ ಓದಿ ನಕ್ಕರು. ರಜೆ ಮುಗಿದ ಮೇಲೆ ಪಾಠಗಳನ್ನೆಲ್ಲ ಮುದ್ರಿಸುವುದೆಂದು ಮಾತಾಯಿತು.

ರಜೆ ಮುಗಿಸಿ ಇಬ್ಬರೂ ಹೋದೆವು. ಆಫೀಸಿಗೆ ಸುಣ್ಣ ಬಳಿದಿದ್ದರು. ಹೊಸ ಕಂಪ್ಯೂಟರಿಗೆ ಕುಂಕುಮ, ಚೆಂಡು ಹೂವು, ಬನ್ನಿ ಎಲೆ. ಯಂತ್ರ ಇರಲಿಲ್ಲ.

“ಖಂಡೇಪೂಜಿಗೆ ಜಾಗಾ ಬೇಕಾಗಿತ್ರಿ. ಗುಜರಿಯವಗ ಕೊಟ್ವಿ,” ಎಂದರು ಅಧ್ಯಕ್ಷರು, ಪ್ರಸಾದ ಮುಂದೆ ಹಿಡಿಯುತ್ತ.

ಥೂ. ದುಡಿಯುವ ಯಂತ್ರವನ್ನು ಗುಜರಿಗೆ ಹಾಕಿ ಆಯುಧಪೂಜೆ ಮಾಡಿದ ಜನ ಇವರು. ನಾನು ಪ್ರಸಾದ ಮುಟ್ಟಲಿಲ್ಲ. ಗುಜರಿ ಅಂಗಡಿಗೆ ಓಡಿದರೆ, ಬಿಚ್ಚಿ ಕಬ್ಬಿಣ ಬೇರೆ, ತಾಮ್ರ ಬೇರೆ ಮಾಡಿ ಮುಗಿದಿತ್ತು... ತಿರುಗಿ ಬಂದಾಗಲೂ ಅಕ್ಕೋರು ಖಾಲಿ ಮೇಜಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಆಮೇಲೂ ಹಲವು ವರ್ಷ ಕಲಿಸಿದರು, ಮೊಬೈಲ್ ಹಿಡಿದು. ಹೊಸ ಹಾಳೆ ಒಂದೂ ಬರಲಿಲ್ಲ.

ಅವರು ತೀರಿಕೊಂಡು ವರ್ಷವಾಯಿತೆಂದು ನಿನ್ನೆ ಶಾಲೆಯಲ್ಲಿ ಸಭೆ ಇತ್ತು. ಗೋಡೆಯ ತುಂಬ ಬ್ಯಾನರ್. ಅದೇ ಅಧ್ಯಕ್ಷರು ಅಕ್ಕೋರ ಅಕ್ಷರಪ್ರೇಮದ ಬಗ್ಗೆ ಮೈಕ್ ಹಿಡಿದು ಮಾತಾಡಿದರು. ಕೇಳಲಾಗದೆ ಎದ್ದೆ. ಬ್ಯಾನರ್ ಹತ್ತಿರ ಕೂತಿದ್ದ ಹುಡುಗಿಯೊಬ್ಬಳು ಸಪ್ಪಳಕ್ಕೆ ತಿರುಗಿದಳು.

“ಇದರಾಗ ಅಕ್ಕೋರ ಬಗ್ಗೆ ಏನ್ ಬರದಾರ್ರಿ?”

ಓದಿ ಹೇಳಿದೆ. ಅವಳು ಎದ್ದು, ಗೋಡೆಗುಂಟ ನಡೆಯುತ್ತ ಬ್ಯಾನರನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು.

“ಬರೇ ನುಣ್ಣಗ ಐತಲ್ರಿ,” ಎಂದಳು.