ಹತ್ತಿಯ ರಾಶಿಯೊಳಗಿನ ನಡುಕ

ಓಣಿಗೆಲ್ಲ ಒಂದೇ ಮೊಬೈಲ್ ಇದ್ದ ದಿನಗಳವು. ಯರಗುಪ್ಪಿಯಲ್ಲಿ ಚಳಿಗಾಲವೆಂದರೆ ಸುಟ್ಟ ಎಳೆಜೋಳದ ಸೀತನಿಯ ವಾಸನೆ, ಒಡೆದ ತುಟಿ, ಹತ್ತಿ ಬಿಡಿಸುವ ಹೆಂಗಸರ ಹಿಂದೆ ಹೊಲಕ್ಕೆ ಓಡುವ ನಾವು. ನನಗೂ ಗೆಳತಿ ಶಾಹೀನಳಿಗೂ ಆಗ ಹತ್ತು ವರ್ಷ.

ಹೊಲದ ಬಾಜೂ ಹಳ್ಳದ ಮಡುವಿತ್ತು. ಕುತ್ತಿಗೆಮಟ್ಟ ನೀರಿನಲ್ಲಿ ಅಲುಗಾಡದೆ ಯಾರು ಹೆಚ್ಚು ಹೊತ್ತು ಕೂರುತ್ತಾರೆಂಬುದು ನಮ್ಮ ಪಂದ್ಯ. ಅಂದು ಬೆಳಿಗ್ಗೆ ಅವಳು ಐನೂರು ಎಣಿಸುವಷ್ಟರಲ್ಲೇ ನಾನು ಎದ್ದುಬಂದೆ. ಆಮೇಲೆ ಅವಳು ಕುಳಿತಳು, ನಾನು ದಂಡೆಯಲ್ಲಿ ಮನಸ್ಸಿನಲ್ಲೇ ಎಣಿಸತೊಡಗಿದೆ. ಸೋಲಲು ಮನಸ್ಸಿರಲಿಲ್ಲ. ನಾನೂರು ದಾಟುವ ಮೊದಲೇ ಮತ್ತೆ ಮುನ್ನೂರಕ್ಕೆ ಇಳಿಯುತ್ತಿದ್ದೆ, ಎಷ್ಟು ಸಲವೋ! ಬಿಸಿಲು ದಂಡೆಯಿಂದ ಬೇಲಿಯವರೆಗೆ ಸರಿಯಿತು. ಹಲ್ಲು ಕಟಕಟಿಸುತ್ತಿದ್ದರೂ ಅವಳು ಏಳಲಿಲ್ಲ. ಕೊನೆಗೆ ಅವಳ ನಡುಕ ತಾನಾಗಿಯೇ ನಿಂತಿತು.

"ಈಗ ಥಂಡಿನ ಇಲ್ಲಲೇ," ಎಂದು ತೊದಲಿದಳು.

ತುಟಿ ನೇರಳೆ ಹಣ್ಣಿನಂತಾಗಿತ್ತು. ಎಳೆದು ದಂಡೆಗೆ ತಂದೆ. ಅವಳ ಕಾಲು ನಿಲ್ಲಲಿಲ್ಲ. ಚೀರಿದೆ.

ಹತ್ತಿ ಬಿಡಿಸುತ್ತಿದ್ದ ಅವಳ ನಾನಿ ಓಡಿಬಂದರು. ಊರಿನ ಎಷ್ಟೋ ಹೆರಿಗೆ ಮಾಡಿಸಿದ ಅಜ್ಜಿ. ಒದ್ದೆ ಬಟ್ಟೆ ಬಿಚ್ಚಿ, ಮೈ ಒರೆಸಿ, ಮೊಮ್ಮಗಳನ್ನು ಎದೆಗವಚಿಕೊಂಡು ಹತ್ತಿಯ ರಾಶಿಯೊಳಗೆ ಮಲಗಿದರು. ನಾನು ಪಾದ ತಿಕ್ಕಲು ಹೋದೆ.

"ತಿಕ್ಕಬ್ಯಾಡ! ಕೈಕಾಲಿನ ಥಂಡಿ ಎದಿಗೆ ಹೋದೀತು. ಎಷ್ಟೊತ್ತು ನೀರಾಗಿದ್ಲು?"

"ನಾಕನೂರ ಎಣಿಸೂತನಕ್ರಿ..."

"ಖರೇ ಹೇಳ್ ಬೇ."

"ಸುಳ್ಳ ಎಣಿಸೀನ್ರಿ, ನಾನಿ. ಭಾಳ ಹೊತ್ತಾತ್ರಿ."

ನಾನಿ ಬೈಯಲಿಲ್ಲ. "ಯಾರರ ಟ್ರ್ಯಾಕ್ಟರ್ ತರ್ರಿ, ದವಾಖಾನಿಗೆ ಹೋಗೂಣು," ಎಂದು ಕೂಗಿದರು. ಆ ಕೂಗೇ ನನ್ನನ್ನು ಹೆಚ್ಚು ಹೆದರಿಸಿತು. ಹತ್ತಿಯೊಳಗೆ ಬೆಚ್ಚಗಾಗಬೇಕಾದವಳ ಮುಖ ಇನ್ನಷ್ಟು ಬಿಳಿಚಿಕೊಂಡಿತು. ಅವಳ ಅವ್ವನಿಗೆ ಏನು ಹೇಳಲಿ?

ಟ್ರ್ಯಾಕ್ಟರ್ ಇನ್ನೂ ಬಂದಿರಲಿಲ್ಲ. ಹತ್ತಿ ಸಣ್ಣಗೆ ಅಲುಗಿತು. ಮತ್ತೆ ರಾಶಿಗೆ ರಾಶಿಯೇ ಗಡಗಡ ನಡುಗತೊಡಗಿತು. ನಾನು ಅತ್ತುಬಿಟ್ಟೆ.

"ಅಳಬ್ಯಾಡ. ನಡುಗಲಿ," ಎಂದರು ನಾನಿ. "ಮೈಯಾಗ ಜೀವ ದುಡ್ಯಾಕ್ಹತ್ತೈತಿ."

ದವಾಖಾನೆಯಿಂದ ಮರಳಿದ ಸಂಜೆ, ಬೆಲ್ಲದ ಚಹಾ ಗುಟುಕರಿಸುತ್ತ ಶಾಹೀನ ಕೇಳಿದಳು: "ಯಾರ್ ಗೆದ್ರಲೇ?"

"ನೀನ."

ಅವಳು ನಗಲಿಲ್ಲ. ಹತ್ತಿಯೊಳಗಿದ್ದೇ ನನ್ನ ಮಾತೆಲ್ಲ ಕೇಳಿಸಿಕೊಂಡಿದ್ದಳು.

ಈಗ ನಾನಿ ಇಲ್ಲ. ಮಡುವಿನಲ್ಲಿ ಹೂಳು ತುಂಬಿದೆ. ಶಾಹೀನ ಹತ್ತಿರದ ಸಂಶಿಯಲ್ಲಿ ಶಿಕ್ಷಕಿ. ಸಿಕ್ಕಾಗ ಅಕ್ಕರೆಯಿಂದಲೇ ಮಾತಾಡುತ್ತಾಳೆ. ಆದರೆ ಆ ಚಳಿಗಾಲದ ನಂತರ ಯಾವ ಆಟದಲ್ಲೂ ಎಣಿಸುವ ಕೆಲಸವನ್ನು ಅವಳು ನನಗೆ ಕೊಡಲಿಲ್ಲ. ಜಗಳವಾಡಿದ್ದರೆ ರಾಜಿಯಾಗುತ್ತಿದ್ದೆವು. ಕಣ್ಣು ಮುಚ್ಚಿ ನನ್ನನ್ನು ನಂಬುತ್ತಿದ್ದ ಆ ಹುಡುಗಿ ಮಾತ್ರ ನನಗೆ ಮತ್ತೆ ಸಿಗಲಿಲ್ಲ.